ಒಂದು ನಿಮಿಷದ ಅತ್ತೆ

"ಈ ಪೆನ್‌ಡ್ರೈವ್ ಬೇಡ್ವಂತೆ ಇದಕ್ಕೆ," ಎಂದು ಪ್ರೇಮ್‌ಕುಮಾರ್ ಲ್ಯಾಪ್‌ಟಾಪಿನ ಬೆನ್ನಿಗೆ ಒಂದು ಏಟು ಹಾಕಿದ. ಪರದೆಯ ಮೇಲೆ ಕೆಂಪು ಚೌಕವೊಂದು ಬಂದು ನಿಂತಿತ್ತು: ಸೆಕ್ಯೂರ್ ಬೂಟ್ ಇದನ್ನು ಒಪ್ಪುವುದಿಲ್ಲ.

ಅವನ ಹೆಂಡತಿ ಸಂಘಮಿತ್ರ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಭಾನುವಾರ ಅತ್ತೆ ಸಿದ್ದಲಿಂಗಮ್ಮನ ವರ್ಷದ ಕಾರ್ಯ. ನೆಂಟರೆಲ್ಲ ಬರುತ್ತಾರೆ. ಊಟವಾದ ಮೇಲೆ ಪ್ರೇಮ್‌ಕುಮಾರ್ ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿ ಅವ್ವನ ವಿಡಿಯೋ ಹಾಕುತ್ತಾನೆ. ಹೋದ ವರ್ಷದ ಕಾರ್ಯದಲ್ಲಿ ಅದು ನಿಂತು ನಿಂತು ಓಡಿ ಅವನ ಮಾನ ಕಳೆದಿತ್ತು. ಅದಕ್ಕೇ ಈಗ ಹೊಸ ಸಿಸ್ಟಮ್ ಹಾಕುವ ಗಡಿಬಿಡಿ.

ವಿಡಿಯೋ ಇದ್ದದ್ದು ಒಂದೇ ನಿಮಿಷ. ಸಿದ್ದಲಿಂಗಮ್ಮ ಸೆರಗಿನ ತುದಿ ಹಲ್ಲಿಗೆ ಕಚ್ಚಿ, ಕೋಳಿಯ ಹಾಗೆ ಕತ್ತು ಚಾಚಿ ಬಿಕ್ಕುತ್ತಾಳೆ. "ಅಪ್ಪಾ... ಹಿಕ್! ನನ್ ಬುಟ್ಟೋದ್ಯಾ... ಹಿಕ್!" ತನ್ನ ತಂದೆ ತೀರಿಕೊಂಡ ದಿನ ಸಂಘಮಿತ್ರ ಅತ್ತ ಬಗೆಯ ಅಣಕ ಅದು. ಹಿಂದೆ ಮೈದುನ ಮನೋಹರನ ಕೇಕೆ. ಕೊನೆಗೆ ಸಿದ್ದಲಿಂಗಮ್ಮ ತಾನೂ ನಕ್ಕು, "ಸಾಕು ಬುಡ್ಲಾ ಪ್ರೇಮ," ಎಂದು ಕೈ ಅಡ್ಡ ಹಿಡಿಯುತ್ತಾಳೆ.

ಅವಳ ದನಿ ಬೇರೆಲ್ಲೂ ಉಳಿದಿರಲಿಲ್ಲ. ವಿಡಿಯೋ ತೆಗೆದ ಮೊಬೈಲು ಬಸ್ಸಿನಲ್ಲಿ ಕಳೆದುಹೋಗಿತ್ತು. ಕೇಳಿದವರಿಗೂ ಪ್ರೇಮ್‌ಕುಮಾರ್ ಕಳಿಸಿರಲಿಲ್ಲ. ನೋಡಬೇಕಾದವರು ಮನೆಗೇ ಬರಲಿ ಎನ್ನುತ್ತಿದ್ದ.

"ಮೊದ್ಲು ಒಂದು ಕಾಪಿ ಮಾಡ್ಕಳಿ," ಎಂದಳು ಸಂಘಮಿತ್ರ.

"ನೋಡಪ್ಪಾ, ದೇವರಾಜ ಮೊಹಲ್ಲಾದ ಇಂಜಿನಿಯರಮ್ಮ!" ಮದುವೆಗೆ ಮುಂಚೆ ಅವಳು ಅಲ್ಲಿನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. "ನಮ್ಮಾಫೀಸಿನ ಸ್ಟ್ಯಾನ್ಲಿ ಹೇಳವ್ನೆ, ಹಳೇದರ ಪಕ್ಕದಲ್ಲೇ ಹೊಸದು ಕೂತ್ಕತದಂತೆ. ಏನೂ ಹೋಗಲ್ಲ. ನೀನು ಕಾಯಿ ಬಿಡ್ಸು."

ಅವಳು ಬಿಡಿಸಿದಳು. ಅವನು ಸೆಟ್ಟಿಂಗಿಗೆ ಹೋಗಿ ಆ ಸೆಕ್ಯೂರ್ ಬೂಟ್ ಎಂಬ ಕಾವಲನ್ನು ಆಫ್ ಮಾಡಿ ಸೇವ್ ಕೊಟ್ಟ. ಮಿಷನ್ನು ಆರಿ ಹೊತ್ತಿಕೊಂಡಿತು. ಈಗ ಪರದೆ ಪೂರ್ತಿ ನೀಲಿ: ನಲವತ್ತೆಂಟು ಅಂಕಿಯ ಕೀ ಕೊಡಿ.

ಗೋಕುಲಂನ ಯೋಗಶಾಲೆಯ ಆಫೀಸಿನಲ್ಲಿ ಜೊತೆಗೆ ಕೂರುವ ಸ್ಟ್ಯಾನ್ಲಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ.

"ಅಯ್ಯೋ ಮಗಾ, ಡಿಸ್ಕೇ ಲಾಕ್ ಆಗ್ಬುಟ್ಟಿದೆ ಕಣೋ. ಕೀ ಎಲ್ಲಿ?"

"ಯಾವನಿಗ್ ಗೊತ್ತು? ಎಲ್ಲಾ ಅಂಗಡಿಯೋನೇ ಮಾಡ್ಕೊಟ್ಟಿದ್ದು."

"ಹಂಗಾದ್ರೆ ಎಲ್ಲಾ ಅಳಿಸಿ ಹೊಸದು ಹಾಕೋದೇ. ಸಾರಿ ಮಗಾ."

ಸಂಘಮಿತ್ರ ಕೈಯಲ್ಲಿದ್ದ ಕಾಯಿಯನ್ನು ಸೀಳಿದಳು. ಒಳಗೆ ಹಸಿರು ಹುಳ. ಅಂಗಡಿಗೆ ಇಂಥವು ವಾರಕ್ಕೊಂದು ಬರುತ್ತಿದ್ದವು. ಕೀ ಬೇಕಾಗಿರಲಿಲ್ಲ. ಆಫ್ ಮಾಡಿದ ಸೆಕ್ಯೂರ್ ಬೂಟನ್ನು ಮತ್ತೆ ಆನ್ ಮಾಡಿದರೆ ಸಾಕು, ಏನೂ ಆಗಿಲ್ಲವೆಂಬಂತೆ ತೆರೆದುಕೊಳ್ಳುತ್ತಿದ್ದವು.

"ಮಿತ್ರಾ," ಎಂದ ಪ್ರೇಮ್‌ಕುಮಾರ್. ಹಾಗೆ ಕರೆದು ಎಷ್ಟೋ ಕಾಲವಾಗಿತ್ತು. "ನೀನು ಇಂಥವು ನೋಡಿದ್ದೀಯಲ್ವಾ? ಏನಾದ್ರೂ ದಾರಿ ಇದ್ರೆ ಹೇಳೇ. ಅವ್ವ ಅದ್ರೊಳಗೇ ಅವಳೆ."

ಅವಳು ಹುಳವನ್ನು ಉಗುರಿನಿಂದ ಚಿಮ್ಮಿದಳು.

"ನೋಡಿದೀನಿ. ಒಂದೂ ವಾಪಸ್ ಬರ್ಲಿಲ್ಲ."

"ಒಂದೂ?"

"ಒಂದೂ ಇಲ್ಲ ಕಣ್ರೀ. ಅಳಿಸ್ಬುಡಿ. ಭಾನುವಾರಕ್ಕೆ ಭಜನೆನಾದ್ರೂ ಹಾಕ್ಬೌದು."

ಅವನು ಪೆನ್‌ಡ್ರೈವಿನಿಂದ ಶುರು ಮಾಡಿದ. ಎಲ್ಲಾ ಅಳಿಸಲೇ ಎಂಬ ಕೊನೆಯ ಪ್ರಶ್ನೆ ಬಂತು. ಬೆರಳು ಅಲ್ಲೇ ತಡವರಿಸಿತು. ಸಂಘಮಿತ್ರ ಎದ್ದು, ಸೊಗಡು ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವನ ಹೆಗಲ ಮೇಲಿಂದ ಬಾಗಿದಳು.

"ಇಲ್ಲಿ. ಇದನ್ನ ಒತ್ತಿ."

ಒತ್ತಿದ. ಕಿತ್ತಳೆ ಬಣ್ಣದ ಗೆರೆಯೊಂದು ಎಡದಿಂದ ಬಲಕ್ಕೆ ತುಂಬತೊಡಗಿತು. ಅದು ಅರ್ಧಕ್ಕೆ ಬರುವಷ್ಟರಲ್ಲಿ ಅವನ ಭುಜ ಕುಣಿಯಿತು. ಗಂಟಲಿನಿಂದ ದನಿ ಹೊರಟು, ನಡುವೆ ಮುರಿದು, ಮತ್ತೆ ಹೊರಟಿತು. "ಅವ್ವಾ..."

ಅವಳು ಅವರೆಕಾಳಿನ ಬೋಗುಣಿ ಎತ್ತಿಕೊಂಡು ಅಡುಗೆಮನೆಗೆ ಹೋದಳು. ನೀರು ಕಾಯಲಿಟ್ಟು, ನಿಂತಲ್ಲೇ ಸೆರಗಿನ ತುದಿಯನ್ನು ಹಲ್ಲಿಗೆ ಕಚ್ಚಿದಳು. ಕತ್ತು ಚಾಚಿ ಮೆಲ್ಲಗೆ, "ಅವ್ವಾ... ಹಿಕ್."

ಸರಿ ಬರಲಿಲ್ಲ. ಒಲೆ ಸಣ್ಣ ಮಾಡಿ, ಹೊರಗಿನ ಅಳುವಿಗೆ ಚೂರು ಹೊತ್ತು ಕಿವಿಗೊಟ್ಟು, ಇನ್ನೊಮ್ಮೆ ಕತ್ತು ಚಾಚಿದಳು.