ಬುಡದಿಂದ ಅಳೆಯಿರಿ

ನಾನು ಅರವತ್ತು ಟನ್ ಹೊರುವ ಡಂಪರ್. ಕಾರ್ಖಾನೆಯಲ್ಲಿ ನನಗೆ ಹಳದಿ ಬಣ್ಣ ಬಳಿದು ಹೊರಗೆ ತಂದ ದಿನ, ಕೆಲಸಗಾರರು ನನ್ನ ಚಕ್ರದ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಅಂದಿನಿಂದಲೇ ನನಗೆ ಸ್ವಲ್ಪ ಜಂಬ.

ಸಂಡೂರು ಸೀಮೆಯ ಒಂದು ಅದಿರು ಗಣಿಗೆ ಬಂದೆ. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದರು. ಒಂದೊಂದು ಮೆಟ್ಟಿಲಿಗೂ ಬೆಂಚು ಎನ್ನುತ್ತಾರೆ. ಎತ್ತರ ಆರು ಮೀಟರ್. ನನ್ನ ಚಾಲಕ ಗಾದಿಲಿಂಗಪ್ಪ. ಹಿಟಾಚಿ ಎಂಬ ಅಗೆಯುವ ಯಂತ್ರದಿಂದ ನನಗೆ ಅದಿರು ತುಂಬುವವನು ಮೌಲಾಸಾಬ. ಮಧ್ಯಾಹ್ನ ಇಬ್ಬರೂ ನನ್ನ ನೆರಳಲ್ಲೇ ಬುತ್ತಿ ಬಿಚ್ಚುತ್ತಿದ್ದರು.

ಮ್ಯಾನೇಜರ್ ಅಶ್ವತ್ಥ ಅವರಿಗೆ ನನ್ನ ಹೊಟ್ಟೆಯದೇ ಚಿಂತೆ. "ಇದು ಡಂಪರೋ ಬಕಾಸುರನೋ?" ಎನ್ನುತ್ತಿದ್ದರು. ಬೆಂಚು ಗಿಡ್ಡವಾದರೆ ಹಿಟಾಚಿ ಪದೇ ಪದೇ ಜಾಗ ಬದಲಿಸಬೇಕು. ಅದು ತೆವಳಿ ಹೋಗುವ ತನಕ ನಾನು ಎಂಜಿನ್ ಆರಿಸದೆ ಡೀಸೆಲ್ ಕುಡಿಯುತ್ತ ಕಾಯಬೇಕು. ಪ್ರತಿ ಬೆಂಚಿಗೂ ಬೇರೆ ದಾರಿ ಮಾಡಬೇಕು. ಹಾಗಾಗಿ ಅವರು ಎತ್ತರವನ್ನು ಒಂಬತ್ತು ಮೀಟರಿಗೆ ಏರಿಸಿದರು. ಹಿಟಾಚಿಯ ಕೈ ನಿಲುಕುವುದೂ ಅಷ್ಟೇ. ಲೆಕ್ಕ ಸರಿಯಾಗಿತ್ತು, ಕಾಯುವುದು ತಗ್ಗಿತು, ಡೀಸೆಲ್ ಉಳಿಯಿತು, ನನಗೂ ಹಿತವೆನಿಸಿತು.

ತಪ್ಪಿದ್ದು ಅಳತೆಯಲ್ಲಿ. ಬಂಡೆ ಸಿಡಿಸಿದ ಮೇಲೆ ಬೆಂಚಿನ ಗೋಡೆಯ ಬುಡದಲ್ಲಿ ಅದಿರು ರಾಶಿ ಬಿದ್ದಿರುತ್ತದೆ. ಮೇಸ್ತ್ರಿ ದೊಡ್ಡಬಸಪ್ಪ ಮೇಲಿನಿಂದ ಟೇಪು ಇಳಿಬಿಟ್ಟ. ಅದು ರಾಶಿಯ ನೆತ್ತಿಗೆ ತಾಗಿದ ಕೂಡಲೇ ಒಂಬತ್ತು ಎಂದು ಬರೆದುಕೊಂಡು ಹೋದ. ರಾಶಿಯ ಅಡಿಗಿದ್ದ ಮೂರು ಮೀಟರ್ ಬಿಟ್ಟೇಹೋಯಿತು. ನಾನು ಲೋಡು ಹೊತ್ತು ಹೋದಷ್ಟೂ ಗೋಡೆ ಎತ್ತರವಾಯಿತು. ಅದನ್ನು ಬೆಳೆಸುತ್ತಿದ್ದವನು ನಾನೇ, ನನಗೇ ಗೊತ್ತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನನ್ನ ತಲೆಯ ಮೇಲೆ ಹರಳು ಉದುರತೊಡಗಿದವು. ಮೇಲೊಂದು ಬಂಡೆ ಮುಂದಕ್ಕೆ ಚಾಚಿಕೊಂಡಿತ್ತು.

"ಗಾದಿ, ನನ್ನ ಬಕೆಟ್ಟು ಮ್ಯಾಲಿನ ತನಕ ಎಟಕವಲ್ದೋ!" ಎಂದು ಮೌಲಾಸಾಬ ಕೂಗಿದ.

ಗಾದಿಲಿಂಗಪ್ಪ ಮೇಸ್ತ್ರಿಗೆ ಹೇಳಿದ. "ಕಾಗದದಾಗ ಒಂಬತ್ತ ಐತಿ. ಸುಮ್ನ ಗಾಡಿ ಹೊಡಿ," ಎಂದ ದೊಡ್ಡಬಸಪ್ಪ.

ನಾಲ್ಕನೆಯ ಲೋಡು ಸುರಿದು ಇಳಿಯುವಾಗ ಗಾದಿಲಿಂಗಪ್ಪ ನನ್ನನ್ನು ದಾರಿಗೆ ಅಡ್ಡ ತಿರುಗಿಸಿ ಎಂಜಿನ್ ಆರಿಸಿದ. ಚಾವಿ ಜೇಬಿಗೆ ಹೋಯಿತು. ಹಿಂದೆ ಆರು ಡಂಪರ್ ಸಾಲುಗಟ್ಟಿ ಹಾರನ್ ಹೊಡೆದವು. ನನಗೆ ಮೈಯೆಲ್ಲ ಉರಿಯಿತು. ದುಡಿಯುವ ಗಾಡಿಗೆ ಇದಕ್ಕಿಂತ ಅವಮಾನ ಉಂಟೇ?

ಮ್ಯಾನೇಜರ್ ಜೀಪಿನಲ್ಲಿ ಬಂದರು. "ಏನಪ್ಪಾ ಇದು? ಕೆಲಸ ನಿಲ್ಲಿಸ್ತೀಯಾ?"

"ಮೌಲಾ ಕೆಳಗ ಅದಾನ್ರೀ ಸಾರ್. ಗ್ವಾಡಿ ಬುಡದಿಂದ ಅಳದು ಬರ್ರಿ, ಚಾವಿ ಕೊಡ್ತೀನಿ."

"ನೌಕರಿ ಹೋಗುತ್ತೆ ನೋಡು."

"ಹೋಗ್ಲಿ."

ಹಾಗೆಂದು ಚಾವಿಯಿದ್ದ ಜೇಬಿನ ಮೇಲೆ ಕೈಯಿಟ್ಟುಕೊಂಡ.

ರಾಶಿ ಖಾಲಿಯಾಗಿದ್ದ ಕಡೆ ಮ್ಯಾನೇಜರೇ ಮೇಲಿನಿಂದ ಟೇಪು ಇಳಿಬಿಟ್ಟರು. ಹನ್ನೆರಡು ಮೀಟರ್ ದಾಟಿತು. ಅವರು ಕೆಂಪು ಬಾವುಟ ಬೀಸುತ್ತ ಓಡಿದರು. ಮೌಲಾಸಾಬ ಹಿಟಾಚಿಯನ್ನು ಹಿಂದಕ್ಕೆ ತೆಗೆದ. ಅದು ಓಡುವ ಜಾತಿಯಲ್ಲ. ಒಂದು ಮಾರು, ಎರಡು ಮಾರು... ಹರಳು ಹೋಗಿ ಕಲ್ಲು ಬೀಳತೊಡಗಿದವು. ಆಮೇಲೆ ಗೋಡೆಯೇ ಬಂತು.

ಕೆಂಪು ಧೂಳಿನಲ್ಲಿ ಏನೂ ಕಾಣಲಿಲ್ಲ. ಹಿಂದಿನ ಹಾರನ್‌ಗಳೆಲ್ಲ ನಿಂತವು. ಗಾದಿಲಿಂಗಪ್ಪ "ಮೌಲಾ, ಮೌಲಾ" ಎಂದು ಕೂಗುತ್ತಲೇ ಇದ್ದ. ತುಂಬ ಹೊತ್ತಿನ ಮೇಲೆ ಧೂಳಿನೊಳಗಿಂದ ಯಾರೋ ಕೆಮ್ಮಿದ್ದು ಕೇಳಿಸಿತು.

ಅಂದಿನಿಂದ ಬುಡದಿಂದಲೇ ಅಳೆಯುತ್ತಾರೆ. ಗಾದಿಲಿಂಗಪ್ಪನನ್ನು ಮಾತ್ರ ಮುಂದಿನ ವಾರವೇ ಕೆಲಸದಿಂದ ತೆಗೆದರು, ಗಾಡಿ ನಿಲ್ಲಿಸಿದನಂತೆ. ನಾನು ಇನ್ನಿಬ್ಬರು ಚಾಲಕರ ಕೈಗೆ, ಬಳಿಕ ಒಂದು ಕಲ್ಲು ಕ್ವಾರಿಗೆ ಹೋದೆ. ಈಗ ಟೈರಿಲ್ಲದೆ ಗ್ಯಾರೇಜಿನ ಹಿಂದೆ ಬಿದ್ದಿದ್ದೇನೆ.

ಎಷ್ಟು ಲಕ್ಷ ಟನ್ ಹೊತ್ತೆನೋ, ಒಂದು ಲೋಡೂ ನೆನಪಿಲ್ಲ. ಅಡ್ಡ ನಿಂತಿದ್ದ ಆ ಒಂದು ಗಂಟೆ ಮಾತ್ರ ನೆನಪಿದೆ. ಅಂದು ಸಂಜೆ ಮೌಲಾಸಾಬ ಮನೆಗೆ ಹೋದ.