ಅಂಗಳದಾಗ ಇಲ್ಲದ ಕುರಿ

ಬಿಳೂರಿನ ಚನ್ನವ್ವಗ ಹಡೆಯೋಕಿಂತ ಮೊದಲ ಎಲ್ಲಾ ಗೊತ್ತಿತ್ತು. ಗೊತ್ತಿರಲಾರದ ಏನು? ಅಪ್ಪ ಅಮೋಗಸಿದ್ದಗ ಒಬ್ಬಾಕಿ ಮಗಳು, ನಡೆಯಾಕ ಬಂದಾಗಿಂದ ಅವನ ಬೆನ್ನ ಹತ್ತಿ ಕುರಿ ಕಾಯ್ದಾಕಿ. ನಡಗೋ ಮರಿ ಎತ್ತಿ ತಾಯಿ ಮೊಲಿಗೆ ಹಚ್ಚಿ ಕೈ ಪಳಗಿತ್ತು. "ಮರಿ ಬೀಳತೈತಿ, ಏಳತೈತಿ, ಮೊಲಿ ಹುಡುಕತೈತಿ. ಅದಕ್ಕ ಯಾವ ಮಾಸ್ತರ ಕಲಿಸ್ಯಾನ?" ಅಂತ ಬಸರಿ ಕುಬಸದ ದಿನ ಹಸಿರು ಬಳಿ ಆಡಿಸಿಕೋತ ಹೆಂಗಸರ ನಡುವ ಕುಂತು ನಕ್ಕಿದ್ಲು.

ಅವತ್ತ ಅತ್ತಿ ಮಾಳವ್ವ ಒಂದು ಮಾತು ಒಗದಿದ್ಲು. "ನಿನ್ನ ಬಾಯಿ ಹರಕಿ ಫಲಿಸಲಿ ತಂಗಿ. ನಮ್ಮ ಸೋನ್ಯಾಳದ ಮನ್ಯಾಗ ಯಾವ ಕೂಸೂ ಆಡಿನ ಹಾಲ ಕುಡದು ಬೆಳದಿಲ್ಲ. ನಿನಗ ಹಾಲ ಇಳೀಲಿಲ್ಲಂದ್ರ ಹಡದ ಐದನೇ ದಿನ ಐದೇಶಿಗೆ ಬಂದಾಕಿ ಕೂಸಿನ್ನ ಒಯ್ದು ಹಾಲವ್ವನ ಉಡ್ಯಾಗ ಹಾಕ್ತೀನಿ, ನೋಡು." ಹಾಲವ್ವ ಅಂದ್ರ ಚನ್ನವ್ವನ ನೆಗೆಣ್ಣಿ, ಮಾಳವ್ವನ ಇನ್ನೊಬ್ಬಾಕಿ ಸೊಸಿ, ಇನ್ನೂ ಮೊಲಿ ಕುಡಿಯೋ ಮಗನ ತಾಯಿ. ಆಡಿನ ಹಾಲು ಅನ್ನೋ ಮಾತು ಬಿದ್ದ ಕೂಡಲೇ ಚನ್ನವ್ವನ ಅವ್ವ ಬೀರವ್ವ ಎದ್ದು ಒಳಗ ಹೋಗಿಬಿಟ್ಲು. ಬೀಗತೇರ ಕೊಂಕು ಯಾವ ಮನ್ಯಾಗಿಲ್ಲ, ಅಂತ ಚನ್ನವ್ವ ಅದನ್ನ ತಲ್ಯಾಗ ಇಟ್ಟಕೊಳ್ಳಲಿಲ್ಲ.

ಜತ್ತದ ರಾಜರ ಆಳಿಕೆ ಹೋಗಿ ಸರಕಾರ ಬಂದ ಹೊಸದು ಅದು. ಸೀಗಿ ಹುಣ್ಣಿವಿ ದಾಟಿದ ಮ್ಯಾಲ, ಹೊತ್ತ ಹೊಂಡೂದಕ್ಕ ಚನ್ನವ್ವ ತವರಮನ್ಯಾಗ ಹೆಣ್ಣ ಹಡದ್ಲು. ಅಬಾಬಾ, ಏನ ಕೂಸದು. ತಲಿ ತುಂಬ ಕೂದಲ, ಮುಟಗಿ ಬಿಗದು ಯಾರ ಸಂಗಾಟೋ ಜಗಳಕ್ಕ ನಿಂತಂಗ ಹುಟ್ಟಿತು. ಚನ್ನವ್ವನ ಸಂತೋಷಕ್ಕ ಮನಿ ಸಾಲಲಿಲ್ಲ. ನೋವು ಗೀವು ಎಲ್ಲಾ ಮರತು, "ಕೊಡ್ರಿ ಇತ್ಲಾಗ, ಕುಡಸ್ತೀನಿ" ಅಂತ ಎರಡೂ ಕೈ ಚಾಚಿದ್ಲು.

"ತಡಿ ತಡಿ" ಅಂದ್ಲು ಬೀರವ್ವ. "ಮೊದಲಿನ ಹಾಲು ಹಳದಿ ಇರತೈತಿ, ಕೂಸಿಗೆ ಆಗಿ ಬರಂಗಿಲ್ಲ. ಅದು ಹೋಗಲಿ, ಬಿಳಿ ಹಾಲು ಬರಲಿ." ಹಳದಿ ಹಾಲು ಬೂದಿ ತುಂಬಿದ ತಾಟಿಗೆ ಹಿಂಡಿಸಿದ್ಲು. ನಮ್ಮ ಮಂದಿ ಬುದ್ಧಿಗೆ ಏನನ್ನೂಣು ಹೇಳ್ರಿ. ಎಮ್ಮಿ ಈದ್ರ ಗಿಣ್ಣಕ್ಕ ಬೆಲ್ಲ ಯಾಲಕ್ಕಿ ಹಾಕಿ ಬಾಯಿ ಚಪ್ಪರಿಸಿ ತಿಂತಾರ, ಕುರಿ ಗಿಣ್ಣ ಮರಿಗೆ ಮೊದಲ ಸಿಗಬೇಕಂತಾರ, ಹೆಣ್ಣಮಗಳ ಗಿಣ್ಣ ಮಾತ್ರ ಬೂದ್ಯಾಗ. ಚನ್ನವ್ವ ಬಾಯಿ ತೆಗಿಯೋದ್ರಾಗ ಬೀರವ್ವ ಹತ್ತಿ ಬತ್ತಿ ಮಾಡಿ, ಆಡಿನ ಹಾಲಿನಾಗ ಅದ್ದಿ ಕೂಸಿನ ತುಟಿಗೆ ಇಟ್ಟಾಗಿತ್ತು. ಕೂಸು ಚೀಪಿತು, ಹೊಟ್ಟಿ ತುಂಬಿತು, ಮಲಗಿತು.

ಹಂಗ ಎರಡ್ಮೂರು ದಿನ ಉರುಳಿದ್ವು. ಬಾಣಂತಿಗೆ ಮುಂಜಾನೆ ಅಳ್ವಿ ಪಾಯಸ, ಮಧ್ಯಾಹ್ನ ಸಬ್ಬಸಗಿ ಪಲ್ಲೆ, ಬಳ್ಳೊಳ್ಳಿ ಸಾರು. ಹೊರಸಿನ ಕೆಳಗ ಕೆಂಡ. ನೋಡಾಕ ಬಂದ ಓಣಿ ಹೆಂಗಸರು ಒಬ್ಬೊಬ್ಬರು ಒಂದೊಂದು ಹೇಳಿದ್ರು. ಬಲಕ್ಕ ಮಲಗಿಸು ಅಂದ್ಲು ಒಬ್ಬಾಕಿ, ಎಡಕ್ಕ ಅಂದ್ಲು ಇನ್ನೊಬ್ಬಾಕಿ, ದೃಷ್ಟಿ ಆಗೈತಿ ಅಂದ್ಲು ಮತ್ತೊಬ್ಬಾಕಿ. ಇಷ್ಟೆಲ್ಲಾ ಆದ ಮ್ಯಾಲ ಹಾಲು ಬಂತು. ಬಂತು ಅಂದ್ರ ಸುಮ್ನ ಬರಲಿಲ್ಲ, ದಂಡೆತ್ತಿ ಬಂತು. ಎದಿ ಕಲ್ಲಾತು, ಮೈ ಕಾದು ಹಂಚಾತು, ಕುಪ್ಪಸದ ಅರಿಬಿ ತಾಗಿದ್ರೂ ಜೀವ ಹೋದಂಗ ಆಗತಿತ್ತು. ಖುಷಿಯಿಂದ ಕೂಸಿನ್ನ ಎತ್ತಿಕೊಂಡ್ರ, ಅದು ಬಾಯಿ ಅಗಲಿಸಿ ಬಂದು ಕಲ್ಲಿಗೆ ಬಡದಂಗ ಬಡದು ಜಾರತಿತ್ತು. ಜಾರಿ ಚೀರತಿತ್ತು. ಚೀರಿದ ಕೂಡಲೇ ಬೀರವ್ವನ ಬತ್ತಿ ಹಾಜರ್.

"ಯವ್ವ, ಬತ್ತಿ ಬ್ಯಾಡ. ಒಂದೀಟು ಹಸಿಲಿ."

"ಹಸದು ಸಾಯಲೇನು? ನೀ ಸುಮ್ನಿರು ಚನ್ನಿ. ನಿನಗೇನು ತಿಳಿತೈತಿ?"

ಎಲ್ಲಾ ಗೊತ್ತಿದ್ದ ಚನ್ನವ್ವ ಗ್ವಾಡಿ ಕಡೆ ಮುಖ ಮಾಡಿ ಅತ್ಲು. ಕುರಿ ಮುಂದ ಆಡಿದ ಶಾಣ್ಯಾತನ ಈಗ ಆಕಿನ್ನ ನೋಡಿ ನಗಾಕತ್ತಿತ್ತು.

ಐದೇಶಿ ದಿನ ಬಂತು. ಕೂಸಿನ ಹಣಿಬರಹ ಬರಿಯೋ ಸಟವಿಗೆ ಪೂಜಿ, ಗುಗ್ಗರಿ, ಕೂಸಿನ ತಲಿಗೆ ಹೊಸ ಕುಂಚಗಿ, ಮನಿ ಗದ್ದಲವೋ ಗದ್ದಲ. ಸೋನ್ಯಾಳದ ಬಂಡಿ ಹೊತ್ತೇರೂದರಾಗ ಬರತೈತಿ ಅಂತ ಸುದ್ದಿ ಬಂದಿತ್ತು. ಚನ್ನವ್ವನ ಕಣ್ಣಿಗೆ ಬಂಡ್ಯಾಗ ಅತ್ತಿ ಕಾಣಲಿಲ್ಲ, ಹಾಲವ್ವನ ಉಡಿ ಕಾಣತಿತ್ತು. ತನ್ನ ಮಗಳು ಆ ಉಡ್ಯಾಗ ಮಲಗಿ, ಆಕಿ ವಾಸನಿ ಕಲತು, ಆಕಿ ಕಡೆನ ಕೈ ಚಾಚಿದ್ರ? ಎದಿ ತುಂಬ ಹಾಲು ಹೊತ್ತು ಬರಿಗೈಲೆ ಕುಂದ್ರಬೇಕ?

ಕೂಸು ಎದ್ದು ಚೀರಿತು. ಬೀರವ್ವ ಬಟ್ಟಲ ತಂದ್ಲು. ಚನ್ನವ್ವ ಕೂಸಿನ್ನ ಬಿಗಿಯಾಗಿ ಅಪ್ಪಿಕೊಂಡು ಬಟ್ಟಲಕ್ಕ ಕೈ ಅಡ್ಡ ಹಿಡದ್ಲು.

"ಕೊಡಂಗಿಲ್ಲ."

"ಚನ್ನಿ, ಕೈ ತಗಿ."

"ಇವತ್ತ ಕೊಡಂಗಿಲ್ಲ ಯವ್ವ. ಅತ್ತಿ ಬರತಾಳ. ನನ್ನ ಕೂಸಿನ್ನ ಒಯ್ತಾಳ."

ತಾಯಿ ಮಗಳ ಜಗ್ಗಾಟ, ನಡುವ ಕೂಸಿನ ಚೀರಾಟ. ಮುಂದಿನ ಕಟ್ಟಿ ಮ್ಯಾಲ ಉಣ್ಣಿ ನೂಲತಿದ್ದ ಅಮೋಗಸಿದ್ದನ ಕೈ ನಿಂತಿತು. ಹಡದ ಕೋಲಿ ಹೊಸ್ತಿಲ ಗಂಡಸು ತುಳಿಯಂಗಿಲ್ಲ. ಅಪ್ಪ ಆದಾವ ಮಗಳ ಎದಿ ಹಾಲಿನ ಮಾತು ಎತ್ತಿದ್ರ ಊರು ನಗತೈತಿ. ಹೊರಗ ಒಮ್ಮೆ ಕೆಮ್ಮಿದ. ಆಮ್ಯಾಲ ಅಂಗಳಕ್ಕ ಇಳದು, ಕಂಬಳಿ ಝಾಡಿಸಿ, ಗಟ್ಟಿ ದನಿಲೆ ಮಾತಾಡಾಕ ಶುರು ಮಾಡಿದ.

"ಏ ಕುರೀ, ಹಿಂಗ್ಯಾಕ ಒದರತಿ? ಕೆಚ್ಚಲ ಬಿಗದೈತಿ, ಮರಿ ಬಾಯಿಗೆ ಹೆಂಗ ಹಿಡಿತೈತಿ? ಮರೀದೇನೂ ತಪ್ಪಿಲ್ಲ, ನಿಂದೂ ತಪ್ಪಿಲ್ಲ."

ಒಳಗ ಇಬ್ಬರೂ ಜಗ್ಗಾಟ ಬಿಟ್ಟು ಕೇಳಿದ್ರು.

"ಬಿಸಿನೀರಿನ ಅರಿಬಿ ಒತ್ತಬೇಕು ಮೊದಲ. ಒಂದೀಟು ಹಿಂಡಿ ಕೆಳಗ ಬಿಡಬೇಕು, ಮೊಲಿ ಬುಡ ಮೆತ್ತಗಾಗೂತನ. ಆಮ್ಯಾಲ ಮರಿ ಬಾಯಿ ಪೂರಾ ತೆರದಾಗ ಹಚ್ಚಬೇಕು, ತುದಿ ಅಷ್ಟ ಅಲ್ಲ, ಬುಡ ಸಮೇತ. ನೋಯತೈತಿ. ಮೊದಲಿಗೆ ನೋಯತೈತಿ, ತಡಕೋಬೇಕು. ಪರರ ಹಾಲು ಕುಡಿಸಿದ್ರ ಮರಿಗೆ ತಾಯಿ ಯಾಕ ಬೇಕಾಗತಾಳ?"

ಅಂಗಳದಾಗ ಕುರೀನ ಇರಲಿಲ್ಲ. ಹಿಂಡು ಕಾಕಾನ ಮಗ ಬೀರದೇವನ ಸಂಗಾಟ ವಳಸಂಗದ ಹೊಲಕ್ಕ ಹೋಗಿತ್ತು. ಇದ್ದದ್ದು ಹಿತ್ತಲದಾಗಿನ ಹಾಲಿನ ಆಡು ಒಂದ, ಅದು ತನ್ನ ಪಾಡಿಗೆ ಮೇವು ತಿನ್ನತಿತ್ತು.

ಚನ್ನವ್ವಗ ನಗು ಉಕ್ಕಿ ಬಂತು, ಅಳುವಿನ ನಡುವ. ಎಷ್ಟ ಕುರಿಗೆ ತಾನ ಹಿಂಗ ಮಾಡಿಲ್ಲ? ಅಪ್ಪ ಹೇಳಿದ್ದು ಒಂದಕ್ಷರ ಹೊಸದಲ್ಲ. ತಾನೂ ತಾಯಿ ಆದ ಮ್ಯಾಲ ಕುರಿ ಬುದ್ಧಿ ಮರತು ಮನಿಷಾರ ಮಾತು ಕೇಳಿದ್ಲು, ಅಷ್ಟ. "ಯವ್ವ, ಬಿಸಿನೀರು ತಾ" ಅಂದ್ಲು. "ಲಗೂನ ತಾ, ಬಂಡಿ ಬರತೈತಿ."

ಬೀರವ್ವ ಏಳಲಿಲ್ಲ. ಬಟ್ಟಲ ಕೈಯಾಗ ಹಿಡಕೊಂಡ ನೆಲಕ್ಕ ಕುಂತಿದ್ಲು. ಹೊರಗಿನ ದನಿ ಬಂದ ಕಡೆ ನೋಡಿ, ಸಣ್ಣ ದನಿಲೆ ಕೇಳಿದ್ಲು.

"ಈ ಮಾತು ಅವತ್ತ ಯಾಕ ಹೇಳಲಿಲ್ಲ ನೀವು?"

"ಅವತ್ತ ನಾಚಿಕಿ ಬಂತು ನನಗ" ಅಂದ ಅಮೋಗಸಿದ್ದ. ಈ ಸರತಿ ಕುರಿಗೆ ಹೇಳಿದಂಗ ಹೇಳಲಿಲ್ಲ.

ಚನ್ನವ್ವ ಅವ್ವನ ಮುಖ ನೋಡಿದ್ಲು. ಬೀರವ್ವನ ಕಣ್ಣಾಗ ನೀರು ತುಂಬಿದ್ವು. "ನೀ ಹುಟ್ಟಿದಾಗ ನನಗೂ ಹಿಂಗ ಆಗಿತ್ತು" ಅಂದ್ಲು. "ಎದಿ ಕಲ್ಲಾಗಿ ಜ್ವರ ಬಂದು, ಕೀವಾಗಿ, ಹಾಲ ಬತ್ತಿ ಹೋತು. ನಿನ್ನ ಆಡಿನ ಹಾಲಿನ ಮ್ಯಾಲ ಬದುಕಿಸೀನಿ. ಅದನ್ನ ನಿಮ್ಮ ಅತ್ತಿ ಮಾಳವ್ವಗ ಯಾರೋ ಹೇಳ್ಯಾರ. ನನಗ ಕುಡಿಸೋದು ಗೊತ್ತಿಲ್ಲ ಚನ್ನಿ. ಗೊತ್ತಿರೋದು ಬತ್ತಿ ಒಂದ. ಅದನ್ನ ನಿನಗ ಹೇಳೋದು ಹೆಂಗ?"

ಐದು ದಿನದಿಂದ ಅವ್ವನ ಮ್ಯಾಲ ಹೊಟ್ಟ್ಯಾಗ ಕುದಿಯಾಕತ್ತಿದ್ದ ಸಿಟ್ಟು ಎಲ್ಲಿ ಹೋತೋ ಗೊತ್ತಾಗಲಿಲ್ಲ. ಚನ್ನವ್ವ ಬಟ್ಟಲ ತಗೊಂಡು ಬಾಜೂಕ ಇಟ್ಲು. "ನಾ ಏನು ಸತ್ತೀನೇನು? ಗುಂಡಕಲ್ಲ ಆಗಿ ಕುಂತೀನಿ ನೋಡು. ಏಳು, ಇಬ್ಬರೂ ಕೂಡಿ ಕಲಿಯೂಣು."

ನೀರು ಬಂತು. ಬೀರವ್ವ ಬಿಸಿ ಅರಿಬಿ ಒತ್ತಿದ್ಲು, ಚನ್ನವ್ವ ಹಲ್ಲು ಕಚ್ಚಿಕೊಂಡು ಹಿಂಡಿದ್ಲು. ಮೊದಲ ಹನಿ ಹನಿ, ಆಮ್ಯಾಲ ಒಂದು ಧಾರಿ ಹಾರಿ ಬೀರವ್ವನ ಸೀರಿ ಸೆರಗಿಗೆ ಬಿತ್ತು. ಇಬ್ಬರೂ ನಕ್ಕರು. ಅತ್ತ ಕೂಸಿಗೆ ಹಾಲು ಅಂತಾರ, ಈ ಕೂಸು ಅತ್ತದ್ದು ಕಡಿಮಿ ಏನು? ಬಾಯಿ ಪೂರಾ ತೆರದು ಇನ್ನೊಮ್ಮೆ ಚೀರಾಕ ಹೋತು, ಚನ್ನವ್ವ ಅದ ಹೊತ್ತಿಗೆ ಬುಡ ಸಮೇತ ಬಾಯಿಗೆ ಕೊಟ್ಲು.

ಜೀವ ಕಾಲ ಬೆರಳಿಗೆ ಇಳದಂಗ ನೋವಾತು. ಹಲ್ಲಿಲ್ಲದ ಬಾಯಿಗೆ ಇಷ್ಟ ಕಸುವು ಎಲ್ಲಿಂದ ಬಂತೋ. ಹೊಟ್ಟಿ ಹಿಂಡಿ ಬಂತು, ಬೆವರು ಕಿತ್ತು ಬಂತು. ಚನ್ನವ್ವ ಹೊರಸಿನ ಹಗ್ಗ ಹಿಡಕೊಂಡ್ಲು, ಬಿಡಲಿಲ್ಲ. ಒಂದೀಟು ಹೊತ್ತಿಗೆ ನೋವು ಮೆತ್ತಗಾತು. ಎದಿ ಒಳಗ ಏನೋ ಬಿಚ್ಚಿದಂಗ ಆಗಿ, ಇನ್ನೊಂದು ಕಡೆ ಕುಪ್ಪಸ ತೊಯ್ದು ತೊಪ್ಪಿ ಆತು. ಕೂಸು ಗುಟುಕ್ ಗುಟುಕ್ ನುಂಗಾಕ ಹತ್ತಿತು.

"ಹಿಡದಾಳ ಯವ್ವ" ಅಂದ್ಲು ಚನ್ನವ್ವ. "ಕುಡಿಯಾಕತ್ತಾಳ. ನೋಡು, ಕುಡಿಯಾಕತ್ತಾಳ."

ಹೊರಗ ಅಮೋಗಸಿದ್ದ ಯಾರನ್ನೂ ಕೇಳದ ದೇವರ ಅರಿಷಿಣ ಬಂಡಾರದ ಚೀಲ ಬಿಚ್ಚಿ ಹಣಿಗೆ ಬಂಡಾರ ಹಚ್ಚಿಕೊಂಡ.

ಬೀರವ್ವ ಹೊರಸಿನ ಮಗ್ಗಲಕ್ಕ ಸರದು ಬಂದ್ಲು. ದೊಡ್ಡ ಹೆಂಗಸು, ಸಣ್ಣ ಹುಡಿಗಿ ಹಂಗ ಕೇಳಿದ್ಲು. "ಹೆಂಗ ಅನಸತೈತಿ ಚನ್ನಿ?"

ಅದನ್ನ ಬಾಯಿಲೆ ಹೇಳಾಕ ಚನ್ನವ್ವಗ ಬರಲಿಲ್ಲ. ಅವ್ವನ ಕೈ ಹಿಡದು ಕೂಸಿನ ಗದ್ದದ ಕೆಳಗ ಇಟ್ಟು, ತನ್ನ ಕೈ ಅದರ ಮ್ಯಾಲ ಇಟ್ಟಕೊಂಡ್ಲು. ಒಂದೊಂದು ಗುಟುಕೂ ಬೀರವ್ವನ ಬೆರಳಿಗೆ ಹತ್ತತಿತ್ತು.

ಆಗ ಎತ್ತಿನ ಗಂಟಿ ಕೇಳಿತು. ಬಂಡಿ ಅಂಗಳಕ್ಕ ಬಂದು ನಿಂತಿತು. ಮಾಳವ್ವ ಇಳದಾಕಿ ಕಾಲಿಗೆ ನೀರು ಸೈತ ಹಾಕ್ಕೊಳ್ಳದ ಕೋಲಿ ಬಾಗಲಕ್ಕ ಬಂದು ನಿಂತು, "ಎಲ್ಲೈತಿ ಕೂಸು? ಹಾಲವ್ವ ಬಂಡ್ಯಾಗ ಅದಾಳ" ಅಂದ್ಲು.

ಬೀರವ್ವ ತಿರುಗಿ ನೋಡಿದ್ಲು. ಕುಬಸದ ದಿನ ಎದ್ದು ಒಳಗ ಹೋಗಿದ್ದ ಬೀರವ್ವ ಇವತ್ತ ಕುಂತಲ್ಲಿಂದ ಏಳಲಿಲ್ಲ, ಕೂಸಿನ ಗದ್ದದಿಂದ ಕೈನೂ ತಗೀಲಿಲ್ಲ.

"ಹೊರಗ ಕಟ್ಟಿ ಮ್ಯಾಲ ಒಂದೀಟು ಕುಂದ್ರಿ ಬೀಗತಿ" ಅಂದ್ಲು. "ನಾವು ಹಾಲ ಕುಡಸಾಕತ್ತೀವಿ."