ಥೋರಾಳ ಬ್ರೈಲ್ ಯಂತ್ರ ಕೈಕೊಟ್ಟದ್ದೇಕೆ?

ಅಮೆರಿಕದಲ್ಲಿ, ದೊಡ್ಡ ಸರೋವರವೊಂದರ ದಡದ ಡುಲೂತ್ ಊರಿನಲ್ಲಿ ಕಣ್ಣು ಕಾಣದವರದೊಂದು ಓದುಕೂಟವಿದೆ. ಅದಕ್ಕೊಂದು ಕಟ್ಟಳೆಯೂ ಇದೆ. ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಸುತ್ತ ಕೂತು ಒಂದೇ ಕಾದಂಬರಿಯನ್ನು ಸರದಿಯ ಮೇಲೆ ಗಟ್ಟಿಯಾಗಿ ಓದುತ್ತಾರೆ. ತಮ್ಮ ಸರದಿಯಲ್ಲಿ ಯಾರು ನಡುವೆ ನಿಲ್ಲಿಸುತ್ತಾರೋ ಅವರೇ ಎದ್ದುಹೋಗಿ ಎಲ್ಲರಿಗೂ ಕಾಫಿ ಮಾಡಬೇಕು. ಆ ಚಳಿಗಾಲದಲ್ಲಿ ಕಾಫಿ ಮಾಡುವ ಕೆಲಸ ಬಹುಮಟ್ಟಿಗೆ ಥೋರಾಳ ಪಾಲಿಗೇ ಬಂದಿತ್ತು.

ಆ ದಿನವೂ ಹಾಗೇ ಆಯಿತು. ಕಥೆಯಲ್ಲಿ ಕಳ್ಳ ಬಾಗಿಲು ತಳ್ಳುವುದಕ್ಕೂ ಥೋರಾಳ ಬೆರಳಿನಡಿ ಚುಕ್ಕಿಗಳೆಲ್ಲ ಒಮ್ಮೆಲೇ ಕುಸಿಯುವುದಕ್ಕೂ ಸರಿಹೋಯಿತು. ಕೈಯಲ್ಲಿ ಹಿಡಿದು ಓಡಾಡಬಹುದಾದ ಆ ಪುಟ್ಟ ಯಂತ್ರದಲ್ಲಿ ಅಕ್ಷರಗಳು ಚುಕ್ಕಿಗಳಾಗಿ ಎದ್ದು ನಿಲ್ಲುತ್ತವೆ. ಒಂದು ಸಾಲು ಓದಿ ಗುಂಡಿ ಒತ್ತಿದರೆ ಮುಂದಿನ ಸಾಲು ಮೂಡುತ್ತದೆ. ನೂರಾರು ಪುಸ್ತಕ ಅದರ ಹೊಟ್ಟೆಯಲ್ಲಿರಬಹುದು, ಆದರೆ ಬ್ಯಾಟರಿ ಮುಗಿದರೆ ಅದು ಬರಿಯ ಡಬ್ಬಿ.

"ಏನಾಯ್ತೇ? ಕಳ್ಳ ಒಳಗೆ ಬಂದ್ನೋ ಇಲ್ವೋ?" ಎಂದಳು ಪಕ್ಕದಲ್ಲಿದ್ದ ಬರ್ನಾಡಿನ್, ಥೋರಾಳ ಬಾಲ್ಯದ ಗೆಳತಿ.

"ಕಳ್ಳನೂ ಇಲ್ಲ, ಬಾಗಿಲೂ ಇಲ್ಲ. ಹಾಳಾದ್ದು ಮತ್ತೆ ಸತ್ತೋಯ್ತು."

"ಹಾಗಾದ್ರೆ ಏಳು, ಕಾಫಿಗಿಡು. ನಂಗೆ ಸಕ್ಕರೆ ಸ್ವಲ್ಪ ಮುಂದಾಗಿರ್ಲಿ."

ಎಲ್ಲರೂ ನಕ್ಕರು. ಥೋರಾಳಿಗೆ ಮಾತ್ರ ನಗು ಬರಲಿಲ್ಲ. ಮಗಳು ಮಾರಿಟಳ ಮದುವೆ ಬರುವ ಶನಿವಾರವೇ ಇತ್ತು. ಮದುವೆಯೇ ಬೇಡವೆಂದು ನಲವತ್ತು ದಾಟಿಸಿದ್ದ ಹುಡುಗಿ ಕಡೆಗೂ ಮನಸ್ಸು ಮಾಡಿದ್ದಳು, ಹಾರೈಕೆಯ ಮಾತನ್ನು ಅಮ್ಮನೇ ಬರೆದು ಓದಬೇಕೆಂದು ಕೇಳಿಕೊಂಡಿದ್ದಳು. ಥೋರಾ ಅದನ್ನು ಬರೆದು, ಅಳಿಸಿ, ಮತ್ತೆ ಬರೆದು ಆ ಯಂತ್ರದಲ್ಲೇ ಇಟ್ಟುಕೊಂಡಿದ್ದಳು. ಯಂತ್ರ ಹೀಗೆ ಕೈಕೊಡುತ್ತಿರುವ ಸುದ್ದಿ ಮಾರಿಟಳ ಕಿವಿಗೂ ಬಿದ್ದು, ಅವಳು ಸಂಜೆ ಫೋನು ಮಾಡಿದಳು.

"ಅಮ್ಮಾ, ಬೇಜಾರು ಮಾಡ್ಕೋಬೇಡ. ನೀನು ಬರೆದಿದ್ದನ್ನ ನಂಗೂ ಕಳ್ಸಿಬಿಡು. ಒಂದು ಪ್ರತಿ ತೆಗೆದು ನನ್ನ ಮದುವೆಯಾಗೋರ ಅಕ್ಕ ಜೋಯ್ ಕೈಗೆ ಕೊಟ್ಟಿರ್ತೀನಿ. ಆವತ್ತು ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅವಳು ಓದ್ತಾಳೆ."

"ಆಗ್ಲಿ ಮಗಳೇ" ಎಂದಳು ಥೋರಾ. ಮಗಳು ಹೇಳಿದ್ದು ಪ್ರೀತಿಯಿಂದಲೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಟ್ಟಿದಾಗಿನಿಂದ ಥೋರಾಳಿಗೆ ಬಂದ ಪತ್ರಗಳನ್ನೆಲ್ಲ ಯಾರೋ ಓದಿ ಹೇಳಿದ್ದರು. ಗಂಡ ಆರ್ವಿಡ್ ಹುಡುಗನಾಗಿದ್ದಾಗ ಬರೆದ ಪ್ರೇಮಪತ್ರವನ್ನೂ ಅವಳ ಅತ್ತೆಯೊಬ್ಬಳು ಕೆಮ್ಮುತ್ತ ಕೆಮ್ಮುತ್ತ ಓದಿದ್ದಳು. ಈಗ ತಾನೇ ಬರೆದ ಮಾತನ್ನು, ಅದೂ ಮಗಳ ಮದುವೆಯಲ್ಲಿ, ಇನ್ನೊಬ್ಬರ ಬಾಯಲ್ಲಿ ಕೇಳುವುದೆಂದರೆ ಅವಳಿಗೆ ತಡೆಯಲಾಗಲಿಲ್ಲ.

ಮರುದಿನ ಬರ್ನಾಡಿನ್ ನಿಂಬೆಯ ಸಿಹಿ ಕಟ್ಟಿಕೊಂಡು, ಕೋಲು ತಟ್ಟುತ್ತ ಮನೆಗೇ ಬಂದಳು. ಥೋರಾ, ಆರ್ವಿಡ್ ಹಳೆಯ ಮನೆ ಮಾರಿ ಈ ಅಪಾರ್ಟ್‌ಮೆಂಟಿಗೆ ಬಂದದ್ದು ಈಚೆಗೆ, ಎಲೆ ಉದುರುವ ಕಾಲದಲ್ಲಿ. ಹಾಲ್‌ನ ಮೂಲೆಯಲ್ಲಿ ಆರ್ವಿಡ್ ತನ್ನ ಜಿಗ್‌ಸಾ ಆಟದ ಚಿತ್ರದ ತುಂಡುಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಂದಕ್ಕೊಂದು ಜೋಡಿಸುತ್ತ ಕೂತಿದ್ದ.

"ಆ ಯಂತ್ರಕ್ಕೆ ವಯಸ್ಸಾಯ್ತು ಕಣೇ, ಅದರ ಆಸೆ ಬಿಟ್ಟೆ" ಎಂದಳು ಥೋರಾ. "ಕಾಗದದ ಬ್ರೈಲೇ ವಾಸಿ. ಅದಕ್ಕೆ ಹೊಟ್ಟೆ ಹಸಿಯಲ್ಲ."

"ಸರಿ, ಈಗ್ಲೇ ನನ್ನ ಮನೆಗೆ ನಡಿ. ನನ್ನ ಹತ್ರ ಚುಕ್ಕಿ ಚುಚ್ಚೋ ಯಂತ್ರ ಇದೆ, ಕಾಗದದ ಮೇಲೆ ಬರ್ಕೊಡ್ತೀನಿ."

"ಈಗ್ಲೇ ಹೇಗಾಗುತ್ತೆ? ಇನ್ನೂ ತಿದ್ತಾ ಇದ್ದೀನಲ್ಲ. ಚರ್ಚಿನ ಮೆಟ್ಟಿಲು ಹತ್ತೋವರೆಗೂ ತಿದ್ತಾನೇ ಇರ್ತೀನಿ. ಚುಚ್ಚಿದ ಚುಕ್ಕೀನ ಹೇಗೆ ತಿದ್ದಲಿ?"

"ಅಂತೂ ನಿಂಗೆ ಯಂತ್ರವೇ ಬೇಕು. ಹಾಗಾದ್ರೆ ಅದಕ್ಕೇನು ಕಾಯಿಲೆ ಅಂತ ನೋಡೋಣ. ಈಗ ಬ್ಯಾಟರಿ ಎಷ್ಟಿದೆ?"

"ತುಂಬಿರುತ್ತೆ. ನಿನ್ನೆ ಊಟ ಆದ್ಮೇಲೆ ಚಾರ್ಜಿಗೆ ಹಾಕಿದ್ದೆ."

"ಕೇಳಿದ್ಯಾ ಅದನ್ನ?"

"ಯಾರನ್ನ?"

"ಯಂತ್ರಾನೇ ಮಾರಾಯ್ತಿ! ನಮಗೇನು ದೀಪ ನೋಡಿ ತಿಳಿಯುತ್ತಾ? ಕೇಳಿದ್ರೆ ಅದೇ ಹೇಳುತ್ತೆ."

ಥೋರಾ ಒಂದು ದಿನವೂ ಕೇಳಿರಲಿಲ್ಲ. ಬರ್ನಾಡಿನ್ ಹೇಳಿಕೊಟ್ಟಂತೆ ಗುಂಡಿಗಳನ್ನು ಒತ್ತಿ, ಸಾಲಿನ ಮೇಲೆ ಬೆರಳು ಆಡಿಸಿದಳು. ಬೆರಳು ನಿಂತುಬಿಟ್ಟಿತು.

"ನೂರಕ್ಕೆ ಹನ್ನೊಂದು ಅಂತಿದೆ" ಎಂದಳು ಸಣ್ಣ ದನಿಯಲ್ಲಿ. "ರಾತ್ರಿಯಿಡೀ ಹಾಕಿದ್ದೆ ಬರ್ನಿ, ಆಣೆಗೂ!"

"ಆಣೆ ಆಮೇಲೆ. ಮೊದ್ಲು ಹೇಳು, ಯಾವಾಗ ಹಾಕ್ತೀಯ, ಹೇಗೆ ಹಾಕ್ತೀಯ?"

"ಪೂರ್ತಿ ಸಾಯೋ ತನಕ ಬಿಟ್ಟು ಆಮೇಲೆ ಹಾಕೋದು. ಹಿಂದೆ ಮೊದಲ ಯಂತ್ರ ಕೊಟ್ಟವರು ಹಾಗೇ ಮಾಡು ಅಂದಿದ್ರು."

"ಅದು ಆ ಕಾಲದ ಬ್ಯಾಟರಿ ಕಣೇ. ಈಗಿನವಕ್ಕೆ ಉಪವಾಸ ಆಗಿಬರಲ್ಲ. ಪ್ರತಿಸಲ ಪೂರ್ತಿ ಬರಿದು ಮಾಡಿದ್ರೆ ಆಯುಸ್ಸೇ ಕಮ್ಮಿ ಆಗುತ್ತೆ. ಕಾಲು ಭಾಗ ಉಳಿದಿರುವಾಗ್ಲೇ ಹಾಕ್ಬಿಡು. ಆದ್ರೂ ರಾತ್ರಿಯೆಲ್ಲ ಹಾಕಿದ್ದು ಹನ್ನೊಂದು ಯಾಕಾಯ್ತು? ಎಲ್ಲಿ ಸಿಕ್ಕಿಸ್ತೀಯ, ತೋರ್ಸು."

ಥೋರಾ ಗೆಳತಿಯ ಕೈ ಹಿಡಿದು ಆರ್ವಿಡನ ಮೇಜಿನ ಹಿಂದಿನ ಗೋಡೆಗೆ ಕರೆದೊಯ್ದಳು, ಪ್ಲಗ್ಗು ಸಿಕ್ಕಿಸಿದಳು. ಯಂತ್ರ ಕೈಯಲ್ಲೇ ಗುರ್ರೆಂದು ನಡುಗಿತು.

"ನೋಡಿದ್ಯಾ! ಕರೆಂಟು ಬಂತು ಅಂತ ಅದೇ ಹೇಳ್ತು. ಪ್ರತಿಸಲ ಹೀಗೇ ಹೇಳುತ್ತೆ, ನಾನು ನೆಮ್ಮದಿಯಾಗಿ ಹೋಗಿ ಮಲಗ್ತೀನಿ."

ಯಂತ್ರವನ್ನು ಚಾರ್ಜಿಗೆ ಅಲ್ಲೇ ಬಿಟ್ಟರು. ಇಬ್ಬರೂ ಸೋಫಾದ ಮೇಲೆ ಕೂತು ನಿಂಬೆಯ ಸಿಹಿಗೆ ಕೈಹಾಕಿದರು. ಅದರ ವಾಸನೆಗೆ ಆರ್ವಿಡ್ ಕೂಡ ತುಂಡುಗಳನ್ನು ಬಿಟ್ಟು ಎದ್ದು ಬಂದ. ಬರುವಾಗ ಬಾಗಿಲ ಬಳಿ ಟಕ್ಕೆಂದು ಒಂದು ಸದ್ದಾಯಿತು. ಬರ್ನಾಡಿನ್ ಅಗಿಯುವುದನ್ನು ನಿಲ್ಲಿಸಿದಳು.

"ಏನದು ಟಕ್ ಅಂದಿದ್ದು?"

"ಮೂಲೆ ದೀಪ ಆರಿಸಿದೆ. ಸುಮ್ನೆ ಯಾಕೆ ಉರೀಬೇಕು? ನಿಮ್ಮಿಬ್ಬರಿಗಂತೂ ಬೇಕಿಲ್ಲ" ಎಂದ ಆರ್ವಿಡ್.

"ಆ ದೀಪದ ಪ್ಲಗ್ಗು ಎಲ್ಲಿದೆ?"

"ಮೇಜಿನ ಹಿಂದೆ. ಅದರ ಸ್ವಿಚ್ಚು ಇಲ್ಲಿ ಬಾಗಿಲ ಹತ್ರ. ಯಾಕೆ?"

ಬರ್ನಾಡಿನ್ ಗೋಡೆ ಸವರಿಕೊಂಡು ಮೂಲೆಗೆ ಹೋದಳು. ದೀಪದ ತಂತಿ, ಚಾರ್ಜರಿನ ತಂತಿ ಎರಡೂ ಒಂದೇ ಕಡೆ ಮೇಲೆ ಕೆಳಗೆ ಕೂತಿದ್ದವು.

"ಆರ್ವಿಡ್, ದೀಪ ಹಾಕು."

ಟಕ್. ಯಂತ್ರ ಗುರ್ರೆಂದಿತು.

"ಆರ್ಸು."

ಟಕ್. ಯಂತ್ರ ಸುಮ್ಮನಾಯಿತು.

"ಹಾಕು."

ಗುರ್ರ್.

ಆಗಿದ್ದು ಇಷ್ಟೇ. ಬಾಗಿಲ ಬಳಿಯ ಆ ಒಂದು ಸ್ವಿಚ್ಚಿಗೆ ಮೂಲೆಯ ಪ್ಲಗ್ಗಿನ ಜಾಗ ಪೂರ್ತಿ ಕಟ್ಟುಬಿದ್ದಿತ್ತು, ಅದನ್ನು ಆರಿಸಿದರೆ ಎರಡು ತಂತಿಗೂ ಕರೆಂಟು ಹೋಗುತ್ತಿತ್ತು. ಪ್ರತಿಸಲವೂ ಆರ್ವಿಡ್ ಅಲ್ಲಿ ಕೂತಿದ್ದಾಗ, ದೀಪ ಉರಿಯುತ್ತಿದ್ದಾಗ ಥೋರಾ ಚಾರ್ಜರ್ ಸಿಕ್ಕಿಸುತ್ತಿದ್ದಳು, ಯಂತ್ರ ನಡುಗುತ್ತಿತ್ತು, ಅವಳು ಹೋಗಿ ಮಲಗುತ್ತಿದ್ದಳು. ಆಮೇಲೆ ಅವನು ಏಳುವಾಗ ಒಳ್ಳೆಯ ಸಂಸಾರಿಯಂತೆ ದೀಪ ಆರಿಸುತ್ತಿದ್ದ. ಕತ್ತಲಾದದ್ದು ಥೋರಾಳಿಗೆ ತಿಳಿಯುವುದಾದರೂ ಹೇಗೆ? ಅವನು ಮೇಜಿನ ಮೇಲೆ ತಲೆಯಿಟ್ಟು ತೂಕಡಿಸಿದ ದಿನ ಮಾತ್ರ ಯಂತ್ರದ ಹೊಟ್ಟೆ ತುಂಬುತ್ತಿತ್ತು.

"ಅಯ್ಯೋ ಥೋರಾ" ಎಂದ ಆರ್ವಿಡ್, ದನಿ ಕುಗ್ಗಿಹೋಗಿತ್ತು. "ಇಷ್ಟು ದಿನ ನಿನ್ನ ಬಾಯಿ ಮುಚ್ಚಿಸ್ತಾ ಇದ್ದದ್ದು ನಾನೇನಾ?"

"ಮದುವೆಯಾದಾಗಿಂದ ನೀನು ದಾರಿ ಹುಡುಕ್ತಿದ್ದೆ, ಈಗ ಉಪಾಯ ಸಿಕ್ತು ನಿಂಗೆ!" ಎಂದು ಥೋರಾ ಜೋರಾಗಿ ನಕ್ಕಳು. ನಗುನಗುತ್ತಲೇ ಅವನ ಕೈ ಹುಡುಕಿ ಹಿಡಿದುಕೊಂಡಳು. "ನಿನ್ನದೇನು ತಪ್ಪು? ನಾನೂ ಒಂದ್ಸಲ ಯಂತ್ರಾನ ಕೇಳಿದ್ರೆ ಆಗ್ತಿತ್ತು. ನಡುಗಿತಲ್ಲ, ಸಾಕು ಅಂದ್ಕೊಂಡೆ."

"ನಡುಗಿದ್ರೆ ಚಾರ್ಜ್ ಶುರುವಾಯ್ತು ಅಂತ ಅಷ್ಟೇ ಅರ್ಥ" ಎಂದಳು ಬರ್ನಾಡಿನ್. "ಮಲಗೋ ಮುಂಚೆ ಒಂದ್ಸಲ, ಎದ್ದ ಮೇಲೆ ಒಂದ್ಸಲ ಕೇಳು. ಅದರದೇ ಚಾರ್ಜರ್ ಹಾಕು, ಸಿಕ್ಕಿದ್ದನ್ನೆಲ್ಲ ಸಿಕ್ಕಿಸ್ಬೇಡ. ಇನ್ನೊಂದು ಹೇಳ್ತೀನಿ, ಈ ಚಳೀಲಿ ಅದನ್ನ ಕಾರಲ್ಲಿ ಬಿಟ್ಟು ಬರ್ಬೇಡ. ಹೊರಗೆ ಮರಗಟ್ಟಿದ್ದರೆ ಒಳಗೆ ತಂದು ಬೆಚ್ಚಗಾಗೋಕೆ ಬಿಡು, ಆಮೇಲೆ ಚಾರ್ಜಿಗೆ ಹಾಕು."

ಯಂತ್ರದ ಜಾಗ ಅಂದೇ ಅಡುಗೆಮನೆಗೆ ಬದಲಾಯಿತು, ರೊಟ್ಟಿ ಡಬ್ಬಿಯ ಪಕ್ಕ, ಯಾವ ಸ್ವಿಚ್ಚಿನ ಹಂಗೂ ಇಲ್ಲದ ಕಡೆ. ಬೆಳಿಗ್ಗೆ ಥೋರಾ ಕಾಫಿಗೂ ಮೊದಲು ಅದರ ಯೋಗಕ್ಷೇಮ ವಿಚಾರಿಸಿದಳು. ನೂರಕ್ಕೆ ನೂರು! ಕೂಡಲೇ ಮಗಳಿಗೆ ಫೋನು ಮಾಡಿದಳು.

"ಮಾರಿಟ್, ನಾನೇನೂ ಕಳ್ಸಲ್ಲ. ನಾನೇ ಓದ್ತೀನಿ. ಜೋಯ್‌ಗೆ ಹೇಳು, ಆರಾಮಾಗಿ ಕೂತು ಕೇಳ್ಲಿ."

"ಖಂಡಿತಾನಾ ಅಮ್ಮ?"

"ಖಂಡಿತ."

ಮದುವೆಯ ದಿನ ಸರೋವರದ ಮೇಲಿಂದ ಬೀಸುವ ಗಾಳಿಗೆ ಕಿವಿ ಕಿತ್ತುಹೋಗುವಂತಿತ್ತು. ಆರ್ವಿಡ್ ಬಹಳ ಮುತುವರ್ಜಿಯಿಂದ ಉಡುಗೊರೆಗಳ ಜೊತೆ ಯಂತ್ರವನ್ನೂ ಕಾರಿನ ಡಿಕ್ಕಿಗೆ ಹಾಕಹೊರಟ. "ಅದನ್ನ ಇಲ್ಲಿ ಕೊಡಪ್ಪ ಪುಣ್ಯಾತ್ಮ!" ಎಂದು ಥೋರಾ ಕಸಿದುಕೊಂಡು ಕೋಟಿನೊಳಗೆ ಎದೆಗವಚಿಕೊಂಡಳು. ಚರ್ಚಿನಲ್ಲಿ ಅವಳ ಹೆಸರು ಕರೆಯುವ ಮುನ್ನ ಮತ್ತೊಮ್ಮೆ ಕೇಳಿದಳು. "ತೊಂಬತ್ತಾರು" ಎಂದು ಗಂಡನ ಕಿವಿಯಲ್ಲಿ ಉಸುರಿದಳು. ಅವನು ಅವಳ ಬೆನ್ನು ತಟ್ಟಿದ.

ಥೋರಾ ಎದ್ದು ನಿಂತಳು, ಬೆರಳು ಸಾಲಿನ ಮೇಲೆ ಹರಿಯಿತು.

"ಮಾರಿಟ್, ನೀನು ಹುಟ್ಟಿದ ದಿನ ನಿನ್ನ ಮುಖವನ್ನು ಈ ಬೆರಳಿನಿಂದಲೇ ಓದಿದೆ. ಆವತ್ತಿನಿಂದ ನಿನ್ನನ್ನು ಓದುತ್ತಲೇ ಇದ್ದೇನೆ. ಇನ್ನೂ ಮುಗಿದಿಲ್ಲ, ಬೇಸರವೂ ಬಂದಿಲ್ಲ. ಇವತ್ತು ನನ್ನ ಅಳಿಯನ ಕೈಗೆ ಕೊಡುತ್ತಿದ್ದೇನೆ. ಅಪ್ಪಾ, ನಿಧಾನವಾಗಿ ಓದು, ಪುಟ ಹಾರಿಸಬೇಡ."

ಅಷ್ಟರಲ್ಲಿ ಮದುಮಗಳು ಬಿಕ್ಕಿ ಅಳುವುದು ಕೇಳಿ ಥೋರಾ ಓದು ನಿಲ್ಲಿಸಿದಳು. ಯಂತ್ರ ಕೈಕೊಡಲಿಲ್ಲ. ಚುಕ್ಕಿಗಳು ಬೆರಳಿನಡಿ ಹಾಗೇ ಎದ್ದು ನಿಂತು ಕಾದಿದ್ದವು. ಮೂಗು ಒರೆಸಿಕೊಂಡು ಅವಳು ಮುಂದಿನ ಸಾಲಿಗೆ ಹೋದಳು, ಕೊನೆಯವರೆಗೂ ತಾನೇ ಓದಿದಳು.

ಬೆರಳಿನಿಂದ ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಯಂತ್ರವನ್ನು ಇವತ್ತೇ ಒಮ್ಮೆ ಕೇಳಿ, ಎಷ್ಟಿದೆ ಎಂದು. ಸಾಯುವ ತನಕ ಕಾಯಬೇಡಿ. ದಿನಗಟ್ಟಲೆ ಬಳಸದೆ ಇಟ್ಟರೂ ಆಗಾಗ ಚಾರ್ಜ್ ಮಾಡುತ್ತಿರಿ. ಇನ್ನು ಕಣ್ಣು ಕಾಣುವ ಮನೆಯವರೇ, ನಿಮಗೊಂದು ಪ್ರೀತಿಯ ಬೇಡಿಕೆ. ದೀಪ ಆರಿಸಿ, ಒಳ್ಳೆಯ ಅಭ್ಯಾಸವೇ. ಆದರೆ ಆರಿಸುವ ಮುಂಚೆ ಆ ತಂತಿಯ ಪಕ್ಕದಲ್ಲಿ ಇನ್ನೊಂದು ತಂತಿ ಇದೆಯೇ ನೋಡಿ. ನಿಮ್ಮವರು ನಿಮಗಾಗಿ ಬರೆದಿಟ್ಟ ಮಾತು ಅದರ ತುದಿಯಲ್ಲಿರಬಹುದು.